ಬಲೂನು ಇದ್ದರೂ ಟ್ಯೂಬಿಗೆ ಪ್ಲಾಸ್ಟರ್ ಬೇಕು

ಓದುಗರ ಪತ್ರ: ನಮ್ಮ ತಂದೆಗೆ 74 ವರ್ಷ. ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಕಟ್ಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಕ್ಯಾಥೆಟರ್ (ಮೂತ್ರ ಹೊರತರುವ ಟ್ಯೂಬ್) ಹಾಕಿದರು. ಸ್ಕ್ಯಾನಿಂಗ್ ಮುಗಿಸಿ ಬಂದು ಮಂಚಕ್ಕೆ ಎತ್ತಿ ಮಲಗಿಸುವಾಗ ಟ್ಯೂಬ್ ಜಗ್ಗಿ ರಕ್ತ ಬಂತು. ಟ್ಯೂಬನ್ನು ಎಲ್ಲೂ ಅಂಟಿಸಿರಲಿಲ್ಲ. ಕೇಳಿದ್ದಕ್ಕೆ ಸಿಸ್ಟರ್ “ಒಳಗೆ ಬಲೂನ್ ಇದೆ, ಬಿದ್ದುಹೋಗಲ್ಲ” ಅಂದರು. ಈಗ ಟ್ಯೂಬ್ ಸಮೇತ ಮನೆಗೆ ಬಂದಿದ್ದಾರೆ. ಅಂಟಿಸಲೇಬೇಕಾ? ಹೇಗೆ ನೋಡಿಕೊಳ್ಳಬೇಕು? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಆತ್ಮೀಯರೇ,

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಮೂರು ವರ್ಷದ ಹಿಂದೆ ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮಾರನೇ ದಿನ ಎಕ್ಸ್‌ರೇಗೆ ಕರೆದೊಯ್ಯಲು ಸ್ಟ್ರೆಚರ್ ಬಂತು. ನಾಲ್ಕು ಜನ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು “ಒಂದು, ಎರಡು, ಮೂರು” ಅಂತ ಎತ್ತಿದೆವು. ಅಮ್ಮ ಸ್ಟ್ರೆಚರ್ ಮೇಲೆ ಬಂದರು. ಮೂತ್ರದ ಚೀಲ ಮಾತ್ರ ಮಂಚದ ಕಂಬಿಯಲ್ಲೇ ನೇತಾಡುತ್ತಿತ್ತು. ನಡುವೆ ಟ್ಯೂಬು ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದು ನಿಂತಿತ್ತು. ಅಮ್ಮ ಚೀರಿದ ಮೇಲೆಯೇ ನಮಗೆ ಗೊತ್ತಾಗಿದ್ದು. ಒಂದು ಮೂಲೆ ಹಿಡಿದವನು ನಾನೇ.

ನಾನು ವೈದ್ಯನಲ್ಲ. ಆದರೆ ಅಂದಿನಿಂದ ಈ ವಿಷಯವನ್ನು ಕೇಳಿ, ಓದಿ ತಿಳಿದುಕೊಂಡಿದ್ದೇನೆ.

“ಬಿದ್ದುಹೋಗಲ್ಲ” ಅನ್ನೋದು ನಿಜ. ಬಿದ್ದುಹೋಗದೇ ಇರುವುದರಿಂದಲೇ ಗಾಯವಾಗುವುದು. 1930ರ ದಶಕದಲ್ಲಿ ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ ಈ ಬಲೂನಿನ ಟ್ಯೂಬನ್ನು ರೂಪಿಸಿದರು. ಇವತ್ತಿಗೂ ಅದು ಅವರ ಹೆಸರಲ್ಲೇ ಫೋಲಿ ಕ್ಯಾಥೆಟರ್. ಟ್ಯೂಬ್ ಮೂತ್ರಕೋಶ ತಲುಪಿದ ಮೇಲೆ ಸಿರಿಂಜಿನಿಂದ ಸಾಮಾನ್ಯವಾಗಿ 10 ಎಂಎಲ್‌ವರೆಗೆ ನೀರು ಬಿಟ್ಟು ತುದಿಯ ಬಲೂನು ಉಬ್ಬಿಸುತ್ತಾರೆ. ಆಗ ಅದು ಹೆಚ್ಚುಕಮ್ಮಿ ಒಂದು ಬೆಟ್ಟದ ನೆಲ್ಲಿಕಾಯಿಯಷ್ಟಾಗುತ್ತದೆ. ಟ್ಯೂಬಿನ ದಪ್ಪವಾದರೋ 16ನೇ ನಂಬರಿನದ್ದಾದರೂ ಐದು ಮಿಲಿಮೀಟರ್ ಚಿಲ್ಲರೆ. ಹೊರಗಿನಿಂದ ಜಗ್ಗಿದಾಗ ಆ ನೆಲ್ಲಿಕಾಯಿ ಮೂತ್ರಕೋಶದ ಕುತ್ತಿಗೆಯನ್ನು ಒತ್ತುತ್ತದೆ. ಜೋರಾಗಿ ಜಗ್ಗಿದರೆ ಮೂತ್ರನಾಳದ ಸಣ್ಣ ದಾರಿಯೊಳಗೆ ನುಗ್ಗಿ ಅದನ್ನು ಹರಿದುಹಾಕಬಹುದು. ನಿಮ್ಮ ತಂದೆಯವರಿಗೆ ರಕ್ತ ಬಂದಿದ್ದು ಹೀಗೇ ಇರಬೇಕು.

ಒಂದೇ ಸಲ ಜೋರಾಗಿ ಜಗ್ಗಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪವೇ ಎಳೆಯುತ್ತಿರುತ್ತದಲ್ಲ, ಅದು ಯಾರಿಗೂ ಕಾಣುವುದಿಲ್ಲ. ಎರಡು ಲೀಟರಿನ ಚೀಲ ತುಂಬಿದರೆ ಎರಡು ಕಿಲೋ ಭಾರ. ಬಹಳ ದಿನ ಹೀಗೆ ಎಳೆಯುತ್ತಿದ್ದರೆ ಗಂಡಸರಲ್ಲಿ ಮೂತ್ರದ್ವಾರದ ಕೆಳಭಾಗ ಹುಣ್ಣಾಗಿ ಸೀಳುವುದೂ ಉಂಟು. ಎಳೆತಕ್ಕೆ ಮೂತ್ರಕೋಶ ಹಿಂಡಿದ ಹಾಗೆ ನೋಯುತ್ತದೆ, ಟ್ಯೂಬಿನ ಪಕ್ಕದಿಂದ ಮೂತ್ರ ಸೋರುತ್ತದೆ. ಸೋರಿದರೆ “ಟ್ಯೂಬ್ ಸಣ್ಣದಾಯ್ತು” ಅಂತ ದಪ್ಪದ್ದು ಹಾಕಿಸುವವರಿದ್ದಾರೆ. ಅದರಿಂದ ತೊಂದರೆ ಇನ್ನೂ ಜಾಸ್ತಿಯಾಗಬಹುದು. ಮೊದಲು ಟ್ಯೂಬು ಎಲ್ಲಾದರೂ ಮಡಚಿದೆಯಾ, ಎಳೆಯುತ್ತಿದೆಯಾ ಅಂತ ನೋಡಬೇಕು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಅಂಟಿಸಲೇಬೇಕು. ಇದು ನನ್ನ ಮಾತಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2009ರ ಮಾರ್ಗಸೂಚಿಯಲ್ಲೂ ಕ್ಯಾಥೆಟರ್ ಹಾಕಿದ ಮೇಲೆ ಅಲುಗದಂತೆ, ಎಳೆಯದಂತೆ ಭದ್ರಮಾಡಿ ಎಂದೇ ಇದೆ.

ಹೇಗೆ ಅಂಟಿಸುವುದು? ಅಮ್ಮನಿಗೆ ಆಮೇಲೆ ಒಬ್ಬ ಹಿರಿಯ ಸಿಸ್ಟರ್ ಮಾಡಿದ್ದನ್ನು ನೋಡಿ ಕಲಿತೆ. ತೊಡೆಯನ್ನು ಒರೆಸಿ ಒಣಗಿಸಿದರು. ಪ್ಲಾಸ್ಟರನ್ನು ನೇರವಾಗಿ ಟ್ಯೂಬಿನ ಮೇಲೆ ಒತ್ತಲಿಲ್ಲ. ಮೊದಲು ಟ್ಯೂಬಿಗೆ ಒಂದು ಸುತ್ತು ಸುತ್ತಿ, ಆಮೇಲೆ ಎರಡೂ ತುದಿಯನ್ನು ತೊಡೆಗೆ ಅಂಟಿಸಿದರು. ಹೀಗೆ ಮಾಡಿದರೆ ಟ್ಯೂಬು ಚರ್ಮಕ್ಕೆ ಒತ್ತಿ ಕೂರುವುದಿಲ್ಲ. ಆಮೇಲೆ ಅಮ್ಮನ ಕಾಲನ್ನು ನಿಧಾನಕ್ಕೆ ಚಾಚಿಸಿ, ಅಗಲಿಸಿ ನೋಡಿದರು. ಪ್ಲಾಸ್ಟರಿನಿಂದ ಒಳಬದಿಗೆ ಟ್ಯೂಬು ಸಡಿಲವಾಗಿಯೇ ಇತ್ತು. ಈ ಸಡಿಲ ಇಲ್ಲದಿದ್ದರೆ ಕಾಲು ಅಲುಗಿದಾಗಲೆಲ್ಲ ಪ್ಲಾಸ್ಟರೇ ಎಳೆಯುತ್ತದೆ.

ಹೆಂಗಸರಿಗೆ ತೊಡೆಯ ಮೇಲೆ, ಗಂಡಸರಿಗೆ ತೊಡೆಯ ಮೇಲ್ಭಾಗ ಅಥವಾ ಕಿಬ್ಬೊಟ್ಟೆಯ ಮೇಲೆ ಅಂಟಿಸುತ್ತಾರೆ. ನಿಮ್ಮ ತಂದೆಗೆ ಯಾವುದು ಸರಿ ಅಂತ ಡಾಕ್ಟರನ್ನೇ ಕೇಳಿ. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ, ಬ್ಲೇಡು ಬೇಡ. ಜಾಗ ಕೆಂಪಾದರೆ ಇನ್ನೊಂದು ತೊಡೆಗೆ ಬದಲಿಸಿ. ಇದಕ್ಕೆಂದೇ ಮಾಡಿದ ಅಂಟುಪಟ್ಟಿಗಳೂ, ತೊಡೆಗೆ ಸುತ್ತುವ ಬೆಲ್ಟುಗಳೂ ಸಿಗುತ್ತವೆ. ಬೆಲ್ಟು ಬಿಗಿಯಾಗಿ ಕಾಲಿನ ರಕ್ತ ಓಡಾಟ ಕಟ್ಟದ ಹಾಗೆ ನೋಡಿಕೊಳ್ಳಿ. ದಾರದಿಂದಂತೂ ಕಟ್ಟಲೇಬೇಡಿ.

ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ವಾರ್ಡುಗಳಲ್ಲಿ ಡ್ರಿಪ್ ಸ್ಟ್ಯಾಂಡಿಗೇ ಈ ಚೀಲ ನೇತುಹಾಕಿದ್ದನ್ನು, ಸ್ಟ್ರೆಚರ್ ತಳ್ಳುವಾಗ ರೋಗಿಯ ಹೊಟ್ಟೆಯ ಮೇಲೆ ಇಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ಮೂತ್ರ ವಾಪಸ್ ಹರಿಯಬಹುದು. ಮೂರರಲ್ಲಿ ಎರಡು ಪಾಲು ತುಂಬುವಷ್ಟರಲ್ಲಿ ಕೈತೊಳೆದುಕೊಂಡು ಖಾಲಿಮಾಡಿ. ದಿನವೂ ಸೋಪುನೀರಲ್ಲಿ ತೊಳೆಯುವಾಗ ಮುಂದೊಗಲನ್ನು ಹಿಂದೆ ಸರಿಸಿದರೆ ಮತ್ತೆ ಮುಂದಕ್ಕೆ ತರಲು ಮರೆಯಬೇಡಿ. ಮರೆತರೆ ಬಾವು ಬಂದು ಸಿಕ್ಕಿಕೊಳ್ಳಬಹುದು. ಮುಜುಗರದಿಂದ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಂದೆಯವರನ್ನು ಎತ್ತುವ ಮುಂಚೆ, ಎಣಿಸುವ ಮುಂಚೆ, ಒಬ್ಬರು ಗಟ್ಟಿಯಾಗಿ “ಚೀಲ ಯಾರ ಕೈಲಿದೆ?” ಅಂತ ಕೇಳಲಿ. ನಮ್ಮ ಮನೆಯಲ್ಲಿ ಆಮೇಲೆ ಇದೇ ಅಭ್ಯಾಸವಾಯಿತು. ಎತ್ತುವ ಕೆಲಸಕ್ಕೆ ಸೇರದ ಒಬ್ಬರು ಚೀಲ ಹಿಡಿದು ಜೊತೆಗೆ ಬರುತ್ತಿದ್ದರು.

ರಕ್ತ ಮತ್ತೆ ಬಂದರೆ, ಕೆಲವು ಗಂಟೆ ಚೀಲಕ್ಕೆ ಮೂತ್ರ ಬೀಳದಿದ್ದರೆ, ಕಿಬ್ಬೊಟ್ಟೆ ಬಿಗಿದರೆ, ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಟ್ಯೂಬು ಹೊರಬಂದರೆ ನೀವೇ ತೂರಿಸಬೇಡಿ, ಕತ್ತರಿಸಲೂ ಬೇಡಿ.

“ಬಿದ್ದುಹೋಗಲ್ಲ” ಅಂದ ಸಿಸ್ಟರ್ ಮೇಲೆ ನಿಮಗೆ ಕೋಪ ಬಂದಿರಬಹುದು. ಸಹಜವೇ. ಆದರೆ ಒಂದು ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡು ನೋಡುವುದನ್ನು ನಾನು ಕಂಡಿದ್ದೇನೆ. ಅವರ ಟ್ರೇನಲ್ಲಿ ಅಂಟುಪಟ್ಟಿ ಇಟ್ಟುಕೊಡಬೇಕಾದ್ದು, ಪ್ರತಿ ಪಾಳಿ ಬದಲಾದಾಗ ಟ್ಯೂಬ್ ನೋಡುವ ಪದ್ಧತಿ ಮಾಡಬೇಕಾದ್ದು ಆಸ್ಪತ್ರೆ. ಆಸ್ಪತ್ರೆಗೆ ದೂರು ಬರೆದು ಕೊಡಿ, ಖಂಡಿತ ಕೊಡಿ.

ಇನ್ನೊಂದು ಮಾತು. ಅಂಟಿಸಿದರೆ ಗಾಯದ ಅಪಾಯ ಕಡಿಮೆಯಾಗುತ್ತದೆ, ಸೋಂಕು ಪೂರ್ತಿ ತಪ್ಪುವುದಿಲ್ಲ. ಟ್ಯೂಬ್ ಒಳಗಿರುವ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇಕಡಾ 3ರಿಂದ 7ರಷ್ಟು ಇರುತ್ತದೆ. ಅಮ್ಮನಿಗೆ ಬೇಕಾದ್ದಕ್ಕಿಂತ ಜಾಸ್ತಿ ದಿನ ಟ್ಯೂಬ್ ಇತ್ತು, ಯಾಕೆಂದರೆ ನಾವು ಕೇಳಲೇ ಇಲ್ಲ. ನೀವು ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರ್ ಎದುರು ಕೂತ ಕೂಡಲೇ ಕೇಳಿ: “ಸಾರ್, ಇದನ್ನು ಯಾವತ್ತು ತೆಗೀಬಹುದು?”