180 ಸೀಟಿಗೆ 185 ಟಿಕೆಟ್: ಇದು ಮೋಸವೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ಮಗಳ ಸಂದರ್ಶನಕ್ಕೆಂದು ತಿಂಗಳ ಮೊದಲೇ ಬೆಂಗಳೂರು–ದೆಹಲಿ ಟಿಕೆಟ್ ಮಾಡಿಸಿದ್ದರು. ಸಂಜೆ ಹೊತ್ತಿಗೆ ಸರಿಯಾಗಿ ಕೌಂಟರಿಗೆ ಹೋದರೆ 'ಫ್ಲೈಟ್ ಫುಲ್' ಎಂಬ ಉತ್ತರ. ಮಗಳ ಕೈಗೊಂದು ಊಟದ ಕೂಪನ್ ಕೊಟ್ಟು, ಮರುದಿನ ಬೆಳಗಿನ ವಿಮಾನಕ್ಕೆ ಹಾಕಿದರು. ಸಂದರ್ಶನ ತಪ್ಪಿತು. 'ಇಲ್ಲದ ಸೀಟು ಮಾರುವುದು ಮೋಸವಲ್ಲವೇ?' ಎಂದು ಕೇಳಿದ್ದಾರೆ.

ನಿಮ್ಮ ಸಿಟ್ಟು ನ್ಯಾಯವಾದದ್ದು ಸರ್. ಆದರೆ ತಪ್ಪು ನಡೆದಿರುವುದು ನೀವು ತೋರಿಸುವ ಜಾಗದಲ್ಲಲ್ಲ.

ಸಾವಿರ ಲಗ್ನಪತ್ರಿಕೆ ಹಂಚಿದವರು ಸಾವಿರ ಎಲೆಗೆ ಅಡುಗೆ ಹೇಳುವುದಿಲ್ಲ. ಟಿಕೆಟ್ ಕೊಂಡವರಲ್ಲೂ ಕೆಲವರು ಬರುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಆ ಸೀಟಿಗೆ ಕಾಸಿನ ಬೆಲೆಯಿಲ್ಲ. 180 ಸೀಟಿನ ವಿಮಾನ, ನೂರಕ್ಕೆ 5 ಜನ ಬರುವುದಿಲ್ಲ ಎಂದಿಟ್ಟುಕೊಳ್ಳಿ. 185 ಟಿಕೆಟ್ ಮಾರಿದರೆ, ಅಂಥ ನೂರು ಹಾರಾಟಗಳಲ್ಲಿ ಸುಮಾರು 4ರಲ್ಲಿ ಮಾತ್ರ ಜನ ಹೆಚ್ಚಾಗುತ್ತಾರೆ. ಇನ್ನೈದು ಸೇರಿಸಿ 190 ಮಾರಿ ನೋಡಿ: 52ರಲ್ಲಿ ಯಾರಾದರೂ ಕೆಳಗುಳಿಯುತ್ತಾರೆ! ನಾನೇ ಕೂತು ಲೆಕ್ಕ ಹಾಕಿದೆ. ಐದೇ ಟಿಕೆಟ್ಟಿಗೆ ಇಷ್ಟು ಏರುತ್ತದೆಂದು ಎಣಿಸಿರಲಿಲ್ಲ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ತಕ್ಕಡಿಯೊಂದು ಹೇಳುತ್ತದೆ. ಒಂದು ತಟ್ಟೆಯಲ್ಲಿ ಇನ್ನೊಂದು ಟಿಕೆಟ್ ಮಾರಿದರೆ ಬರುವ ಹಣ, ಇನ್ನೊಂದರಲ್ಲಿ ಒಬ್ಬರನ್ನು ಇಳಿಸಬೇಕಾಗಿ ಬಂದರೆ ತಗಲುವ ಖರ್ಚು. ಹಗಲಿನ ವಿಮಾನವಾದರೆ ಹಿಂದೆಯೇ ಇನ್ನೊಂದಿರುತ್ತದೆ, ಖರ್ಚು ಕಡಿಮೆ. ರಾತ್ರಿಯ ಕೊನೆಯದಾದರೆ ಹೋಟೆಲ್ ರೂಮೂ ಕೊಡಬೇಕು, ಅಲ್ಲಿ ಕೈ ಬಿಗಿ. ಒಟ್ಟಿಗೆ ಬುಕ್ ಮಾಡಿದ ಕುಟುಂಬ ಬಂದರೆ ಎಲ್ಲರೂ ಬರುತ್ತಾರೆ, ಬಿಟ್ಟರೆ ಎಲ್ಲರೂ ಬಿಡುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ಎರಡನೇ ತಟ್ಟೆಯ ತೂಕ ನಮ್ಮ ಕೈಯಲ್ಲೂ ಇದೆ. ನಿಮ್ಮ ಮಗಳು ಕೂಪನ್ ಹಿಡಿದು ಸುಮ್ಮನೆ ಹೊರಟಾಗ ಆ ತಟ್ಟೆ ಹಗುರವಾಯಿತು.

1968ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಒಂದು ದಾರಿ ತೋರಿಸಿದ್ದರು: ಯಾರನ್ನೋ ಬಲವಂತವಾಗಿ ಬಿಡಬೇಡಿ, 'ಎಷ್ಟು ಕೊಟ್ಟರೆ ನೀವಾಗಿಯೇ ಮುಂದಿನ ವಿಮಾನಕ್ಕೆ ಹೋಗುತ್ತೀರಿ?' ಎಂದು ಕೇಳಿ. ಆಗ ವಿಮಾನ ಸಂಸ್ಥೆಗಳು ಕಿವಿಗೊಡಲಿಲ್ಲ. 1978ರಲ್ಲಿ ಅಲ್ಲಿ ಅದೇ ಪದ್ಧತಿ ಬಂತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮವೂ ಮೊದಲು ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳಬೇಕು ಎನ್ನುತ್ತದೆ. ಆ ವಿಮಾನದಲ್ಲಿ ಒಂದು ರಾತ್ರಿ ತಡವಾದರೂ ಪರವಾಗಿಲ್ಲ ಎನ್ನುವ ಒಬ್ಬರಾದರೂ ಇದ್ದಿರಬಹುದು. ನೀವು ಬರೆದಂತೆ ಯಾರೂ ಯಾರನ್ನೂ ಕೇಳಲಿಲ್ಲ. ತಪ್ಪು ಇಲ್ಲಿದೆ.

ಪರಿಹಾರದ ವಿಷಯ. ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗಾದರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡರಷ್ಟು, ಮಿತಿ 10,000 ರೂಪಾಯಿ. ಅದನ್ನೂ ಮೀರಿದರೆ ನಾಲ್ಕರಷ್ಟು, ಮಿತಿ 20,000. ನಿಮ್ಮದು ಎರಡನೆಯದು. ಟಿಕೆಟ್ಟಿನಲ್ಲಿ ಈ ಎರಡೂ ಸೇರಿ 4,200 ಇದೆ ಎಂದಿದ್ದೀರಿ. ಹಾಗಾದರೆ 8,400 ರೂಪಾಯಿ ಬರಬೇಕು. ಊಟದ ಕೂಪನ್ ಅದಕ್ಕೆ ಬದಲಾಗುವುದಿಲ್ಲ.

ಪಿಎನ್‌ಆರ್, ಹಳೆಯ ಹಾಗೂ ಹೊಸ ಬೋರ್ಡಿಂಗ್ ವಿವರ, ಕೂಪನ್ನಿನ ಫೋಟೋ ಇಟ್ಟು ಮೊದಲು ಸಂಸ್ಥೆಗೆ ಬರೆಯಿರಿ. ಅಲ್ಲಿ ಆಗದಿದ್ದರೆ ವಿಮಾನ ಪ್ರಯಾಣಿಕರ ದೂರಿಗಾಗಿ ಕೇಂದ್ರ ಸರ್ಕಾರ ನಡೆಸುವ ಏರ್‌ಸೇವಾ ಪೋರ್ಟಲ್, ಆಮೇಲೆ ಗ್ರಾಹಕರ ಆಯೋಗ. ಅರ್ಜಿ ಬರೆಯಲು ನೆರವು ಬೇಕಿದ್ದರೆ ಕಚೇರಿಗೆ ಫೋನ್ ಮಾಡಿ, ನಾವೇ ಕೂತು ಬರೆದುಕೊಡುತ್ತೇವೆ.

— ಸಂಪಾದಕ