ಒಂದು ದಿನವೂ ರಜೆ ಹಾಕದ ಮೇಷ್ಟ್ರು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿಕೊಂಡು ನನ್ನ ಹತ್ತಿರ ಮೊದಲು ಬಂದವರು ಹೆಂಡತಿ. "ನಮ್ಮನೆಯವರು ಕುಡುಕರಲ್ಲ ಮೇಡಂ, ಆದ್ರೆ ದಿನಾ ಕುಡೀತಾರೆ" ಅಂದರು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ, ಲೆಕ್ಕವಿಲ್ಲ.

ಗಂಡ ಮಂಡ್ಯ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, 46 ವರ್ಷ. ಎಸ್ಸೆಸ್ಸೆಲ್ಸಿ ರಿಸಲ್ಟ್ ಚೆನ್ನಾಗಿದೆ, ಮನೆ ಸಾಲದ ಕಂತು ತಪ್ಪಿಲ್ಲ, ರಸ್ತೆಯಲ್ಲಿ ಬಿದ್ದವರಲ್ಲ, ಹೆಂಡತಿ ಮೇಲೆ ಕೈ ಎತ್ತಿದವರಲ್ಲ. ಸಂಜೆ ಏಳಕ್ಕೆ ವಾಕಿಂಗ್ ಅಂತ ಹೋಗಿ ಸೋಂಪು ಅಗಿಯುತ್ತಾ ಬರುತ್ತಿದ್ದರು, ಅಷ್ಟೇ. ಮಳೆಗೆ ಸೂರು ಸೋರಿತು ಅಂತ ಅಟ್ಟ ಖಾಲಿ ಮಾಡುವಾಗ, ಹಳೇ ಕೂಲರ್ ಒಳಗಿಂದ ಚಪ್ಪಟೆ ಮಾಡಿಟ್ಟ ಖಾಲಿ ಟೆಟ್ರಾ ಪ್ಯಾಕ್‌ಗಳ ರಾಶಿಯೇ ಸುರಿಯಿತು.

ಮುಂದಿನ ವಾರ ಅವರೇ ಬಂದರು, ಜಗಳಕ್ಕೆ ತಯಾರಾಗಿ. "ದಿನಕ್ಕೆ ಎರಡೇ ಪ್ಯಾಕ್ ಮೇಡಂ. ವರ್ಷಾ ವರ್ಷ ಅಯ್ಯಪ್ಪನ ಮಾಲೆ ಹಾಕಿ 41 ದಿನ ಮುಟ್ಟಲ್ಲ. ಚಟ ಆಗಿದ್ರೆ ಅದು ಆಗ್ತಿತ್ತಾ?"

ಲೆಕ್ಕದ ಮೇಷ್ಟ್ರಲ್ವಾ, ಲೆಕ್ಕವನ್ನೇ ಕೊಟ್ಟೆ. 90 ಎಂ.ಎಲ್.ನ ಎರಡು ಪ್ಯಾಕ್, ಅದರಲ್ಲಿ ಶೇ 42.8 ಆಲ್ಕೋಹಾಲ್. ದಿನಕ್ಕೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಆಯಿತು, ಅದೇನು ಕಡಿಮೆಯಲ್ಲ. ಆಮೇಲೆ, ಹೋದ ವರ್ಷ ಮಾಲೆ ಹೇಗಾಯಿತು ಅಂತ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. ಮಾಲೆ ಹಾಕಿದ ಮರುದಿನ ಬೆಳಿಗ್ಗೆ ದೀಪ ಹಚ್ಚಲು ಹೋದರೆ ಬೆಂಕಿಕಡ್ಡಿ ಕೈಯಲ್ಲಿ ನಿಲ್ಲಲಿಲ್ಲವಂತೆ, ಮೈಯೆಲ್ಲಾ ಬೆವರು. ಗುರುಸ್ವಾಮಿಗೆ ಸುಳ್ಳು ಸೂತಕ ಹೇಳಿ ಮಾಲೆ ತೆಗೆದಿದ್ದರು. ಕುಡಿದಿದ್ದಕ್ಕಿಂತ ಆ ಸುಳ್ಳು ಅವರನ್ನು ಜಾಸ್ತಿ ಕೊರೆಯುತ್ತಿತ್ತು.

"ನಾಳೆಯಿಂದಲೇ ಬಿಡ್ತೀನಿ" ಅಂದರು. ಬೇಡ ಅಂದೆ! ಕೈ ನಡುಗುವ ಹಂತ ಮುಟ್ಟಿದವರು ಒಬ್ಬರೇ ಮನೆಯಲ್ಲಿ ಥಟ್ಟನೆ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನವಾದ ಮೇಲೆ ಕೆಲವರಿಗೆ ಬುದ್ಧಿ ತಪ್ಪಿದ ಹಾಗಾಗುತ್ತದೆ, ಪ್ರಾಣಕ್ಕೂ ಅಪಾಯ. ಇದು ಮನಸ್ಸಿನ ಗಟ್ಟಿತನದ ಪ್ರಶ್ನೆಯಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಒಂದು ವಾರ ಅಡ್ಮಿಟ್, ದಿನೇ ದಿನೇ ಇಳಿಸುವ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್. ಸ್ಕೂಲಿಗೆ ಮೆಡಿಕಲ್ ಲೀವ್ ಕೊಟ್ಟರು, ಅವರ ಸರ್ವಿಸ್‌ನಲ್ಲೇ ಮೊದಲ ಸಲ.

ಹೆಂಡತಿಯದೂ ಒಂದು ಗುಟ್ಟಿತ್ತು. ಯಾರಿಗೂ ಗೊತ್ತಾಗದ ಹಾಗೆ ಕುಡಿತ ಬಿಡಿಸುತ್ತೇವೆ ಅನ್ನುವ ಜಾಹೀರಾತು ನೋಡಿ, ಸಾರಿಗೆ ಪುಡಿ ಬೆರೆಸುತ್ತಿದ್ದರು. ಅವತ್ತೇ ನಿಲ್ಲಿಸಿ ಅಂದೆ. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು? ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಥರದ್ದಿದ್ದರೆ, ಮೇಲೆ ಕುಡಿದಾಗ ವಾಂತಿಯಾಗಿ ಬಿಪಿ ಕುಸಿದು ಸಾಯುವ ಹಾಗೂ ಆಗಬಹುದು. ಜೇಬು ತಡಕಬೇಡಿ, ಅವರ ಪರವಾಗಿ ನೆಂಟರಿಗೆ ನೆಪ ಹೇಳಬೇಡಿ, ಸಂಜೆ ಏಳಕ್ಕೆ ನೀವೂ ಜೊತೆಗೆ ವಾಕಿಂಗ್ ಹೋಗಿ, ಅದೂ ಬೇರೆ ದಾರಿಯಲ್ಲಿ. ಮೇಷ್ಟ್ರಿಗೆ ಹೇಳಿದ್ದು ಒಂದೇ: ನಿಜ ಗೊತ್ತಿರುವ ಒಬ್ಬ ಸಹೋದ್ಯೋಗಿ ಇರಲಿ. ಅಪರಾತ್ರಿಯಲ್ಲಿ ಆಸೆ ಎದ್ದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಾಲ್ಕನೇ ತಿಂಗಳು ಒಂದು ಬೀಗರೂಟದಲ್ಲಿ ಕುಡಿದರು. ಬೆಳಿಗ್ಗೆ ಆರಕ್ಕೆ ಫೋನ್, "ಎಲ್ಲಾ ಹಾಳಾಯ್ತು ಮೇಡಂ" ಅಂತ. ನನಗೆ ಸಮಾಧಾನವೇ ಆಯಿತು. ಮುಚ್ಚಿಡದೆ ಹೇಳಿದ್ದು ಅದೇ ಮೊದಲು.

ಈಗ ಹನ್ನೊಂದು ತಿಂಗಳು. ಹೆಂಡತಿ ಈಗಲೂ ಅವರ ನೀರಿನ ಬಾಟಲಿ ಮೂಸಿ ನೋಡುತ್ತಾರಂತೆ. ಮೇಷ್ಟ್ರು ಸಿಟ್ಟಾಗುವುದಿಲ್ಲ, ತಾವೇ ಮುಚ್ಚಳ ತೆಗೆದು ಕೊಡುತ್ತಾರೆ.