‘ಕೆಲಸ ಆದ್ರೆ ಮಾತ್ರ ದುಡ್ಡು’ ಕರಾರಿಗೆ ಸಹಿ ಹಾಕಬಹುದಾ?

ಸರ್, ತಾರಿಹಾಳದ ನಿಮ್ಮ ಘಟಕಕ್ಕೆ ‘ಸಾಹೇಬರಿಗೆ ಹೇಳಿ ಸಬ್ಸಿಡಿ ಮಾಡಿಸುತ್ತೇನೆ, ಮಂಜೂರಾದರೆ ಮಾತ್ರ ನೂರಕ್ಕೆ 10 ಕೊಡಿ’ ಅಂತ ಏಜೆಂಟ್ ಬಾಂಡ್ ಪೇಪರ್ ತಂದಿದ್ದಾನೆ ಅಂದಿರಿ. ಸಹಿ ಹಾಕಬೇಡಿ. ಲಾಬಿಗೆ, ಅಂದರೆ ಬೇರೆಯವರ ಪರವಾಗಿ ಸರ್ಕಾರದ ಮೇಲೆ ಪ್ರಭಾವ ಬೀರುವ ಕೆಲಸಕ್ಕೆ, ಅಂತಲೇ ನಮ್ಮಲ್ಲಿ ಬೇರೆ ಕಾನೂನಿಲ್ಲ, ನಿಜ. ಆದರೆ 1872ರ ಕರಾರು ಕಾಯ್ದೆಯ 23ನೇ ಕಲಮಿನಲ್ಲೇ ಉದಾಹರಣೆ ಇದೆ: ಒಬ್ಬ ಸರ್ಕಾರಿ ನೌಕರಿ ಕೊಡಿಸುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಸಾವಿರ ರೂಪಾಯಿ ಕೊಡುತ್ತೇನೆ ಅನ್ನುತ್ತಾನೆ. ಆ ಕರಾರು ಅನೂರ್ಜಿತ. ನಿಮ್ಮ ಬಾಂಡೂ ಅದೇ ಜಾತಿಯದು ಅಲ್ವಾ? ಇನ್ನು ವಶೀಲಿ ಹಚ್ಚಿ ಅಧಿಕಾರಿಯಿಂದ ತಪ್ಪು ಕೆಲಸ ಮಾಡಿಸಲು ದುಡ್ಡು ತಗೊಂಡರೆ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಮಿನಡಿ 3ರಿಂದ 7 ವರ್ಷ ಜೈಲು. ಲಂಚ ಕೊಟ್ಟವರಿಗೂ 8ನೇ ಕಲಮಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲೂ ಲಾಬಿಗಾರರು ‘ಕೆಲಸ ಆದ್ರೆ ಮಾತ್ರ’ ಅಂತ ಫೀ ತಗೊಳ್ಳುವಂತಿಲ್ಲ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಬರೆಸಲು ಬೇಕಾದರೆ ಇಷ್ಟು ಅಂತ ಫೀ ಮಾತಾಡಿ ರಸೀದಿ ತಗೊಳ್ಳಿ. ಉಳಿದದ್ದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೀವೇ ಕೇಳಿ.